ಇಲ್ಲದ ಕವಿತೆಗೆ ಬಂದ ಬಹುಮಾನ

ನಮ್ಮ ಮನೆಯ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಗೆ ಆತುಕೊಂಡು, ಮುಚ್ಚಳ ತುಸು ಸೊಟ್ಟಗಾದ ಒಂದು ಸ್ಟೀಲಿನ ಡಬ್ಬಿ ಇದೆ. ಅದರಲ್ಲಿರುವುದು ಒಣದ್ರಾಕ್ಷಿ. ವಿಜಯಪುರದ ಜಲನಗರದ ನಮ್ಮ ಓಣಿಯಲ್ಲಿ ಮನೆಗೆ ಬಂದವರಿಗೆ ಚಹದ ಜೊತೆ ಚೂಡಾ ಕೊಡುವುದು ವಾಡಿಕೆ. ನಾನು ಈ ಡಬ್ಬಿಯನ್ನು ಮುಂದಿಡುತ್ತೇನೆ. ಬಂದವರು ಆಸೆಯಿಂದ ಮುಚ್ಚಳ ತೆಗೆಯುತ್ತಾರೆ, ಒಳಗೆ ಇಣುಕುತ್ತಾರೆ, ಆಮೇಲೆ ಅವರ ಕೈ ಅಲ್ಲಿಯೇ ನಿಂತುಬಿಡುತ್ತದೆ. ಅಂಗಡಿಯ ಗಾಜಿನ ಭರಣಿಗಳಲ್ಲಿ ಮಿರಿಮಿರಿ ಮಿಂಚುವ ಹಳದಿ ಒಣದ್ರಾಕ್ಷಿಗೆ ರೂಢಿಯಾದ ಕಣ್ಣಿಗೆ ನನ್ನ ಡಬ್ಬಿಯ ಕಂದು ಬಣ್ಣದ, ಮೈಯೆಲ್ಲ ಸುಕ್ಕುಗಟ್ಟಿದ, ಒಂದಕ್ಕೊಂದು ಅಂಟಿಕೊಂಡು ಕೂತ ಹಣ್ಣುಗಳು ಅಷ್ಟೇನೂ ಮರ್ಯಾದಸ್ಥರಂತೆ ಕಾಣುವುದಿಲ್ಲ. ಎದುರು ಮನೆಯ ಶಾಂತಕ್ಕನವರಂತೂ ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತಾರೆ: “ಇವು ಕೆಟ್ಟಾವೇನ್ರಿ?” ಕೆಟ್ಟಿಲ್ಲ ಎಂದು ನಾನೂ ಪ್ರತಿ ವರ್ಷ ಹೇಳುತ್ತೇನೆ. ಅವರು ಒಂದನ್ನು ಬಾಯಿಗೆ ಹಾಕಿಕೊಂಡು, ಸಿಹಿ ಇದೆ ಎಂದು ಒಪ್ಪಿಕೊಂಡು, ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆಗೇ ಸರಿಸುತ್ತಾರೆ.

ತಿಕೋಟಾದ ಕಡೆಗೆ ಹೋಗಿ ಬಂದವರಿಗೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳನ್ನು ವರ್ಣಿಸಿ ಹೇಳಬೇಕಿಲ್ಲ. ಹೋಗದವರಿಗೆ ಇಷ್ಟು ಸಾಕು: ಹಣ್ಣನ್ನು ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವಿ ಒಣಗಿಸುತ್ತಾರೆ, ಹಳದಿ ಬಣ್ಣ ಬೇಕೆಂದರೆ ಗಂಧಕದ ಹೊಗೆ ಕೊಡುತ್ತಾರೆ. ಹೊಗೆ ಕುಡಿದ ಹಣ್ಣು ಹೊಳೆಯುತ್ತದೆ, ವ್ಯಾಪಾರಿ ಮೊದಲು ಕೈ ಹಾಕುವುದು ಅದಕ್ಕೇ. ಇದ್ಯಾವುದೂ ಇಲ್ಲದೆ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಬರೀ ಬಿಸಿಲಿಗೆ ಬಿಟ್ಟ ಹಣ್ಣು ಕಂದಾಗುತ್ತದೆ. ಪೇಟೆಯಲ್ಲಿ ಅದನ್ನು ಕೇಳುವವರು ಕಡಿಮೆ, ಆದ್ದರಿಂದ ಮನೆಯವರು ತಾವೇ ತಿನ್ನುತ್ತಾರೆ, ಮಿಕ್ಕದ್ದನ್ನು ಬೇಕಾದವರಿಗೆ ಕೊಡುತ್ತಾರೆ. ಅಂಥ ಬೇಕಾದವರ ಪೈಕಿ ನಾನೂ ಒಬ್ಬಳು ಎಂಬುದು ನನ್ನದೊಂದು ಸಣ್ಣ ಜಂಬ. ಇದನ್ನು ಒಣಗಿಸಿ ಕಳಿಸುವವರು ತಿಕೋಟಾದ ಹಾಜರಾಬಿ. ತಂದುಕೊಡುವವಳು ಅವರ ಸೊಸೆ ರಾಬಿಯಾ. ಈ ಸೊಸೆ ಕನ್ನಡದಲ್ಲಿ ಕವಿತೆ ಬರೆಯುತ್ತಾಳೆ. ದ್ರಾಕ್ಷಿಯ ನೆಪ ಮಾಡಿಕೊಂಡು ನಾನು ನಿಮ್ಮ ಮುಂದೆ ತೋಡಿಕೊಳ್ಳಲು ಹೊರಟಿರುವುದು ಅವಳಿಗೆ ಬಂದ ಒಂದು ಬಹುಮಾನದ ಕಥೆಯನ್ನು.

ರಾಬಿಯಾಳ ತವರು ಬಬಲೇಶ್ವರ. ನಾನು ದಿನಾ ವಿಜಯಪುರದಿಂದ ಬಸ್ಸಿನಲ್ಲಿ ಹೋಗಿ ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ಅವಳು ನನ್ನ ವಿದ್ಯಾರ್ಥಿನಿ. ‘ನನ್ನ ಮೆಚ್ಚಿನ ಹಬ್ಬ’ ಎಂಬ ಪ್ರಬಂಧ ಕೊಟ್ಟರೆ ಇಡೀ ತರಗತಿ ದೀಪಾವಳಿ, ರಂಜಾನ್ ಎಂದು ಬರೆದುಕೊಂಡು ಬಂದಾಗ ಇವಳೊಬ್ಬಳು ಓಣಿಗೆ ನೀರಿನ ಟ್ಯಾಂಕರ್ ಬರುವ ದಿನವೇ ತನ್ನ ಮೆಚ್ಚಿನ ಹಬ್ಬವೆಂದು ಬರೆದಿದ್ದಳು. ಆ ದಿನ ಎಲ್ಲರೂ ಹೊಸ ಕೊಡ ಹೊರತೆಗೆಯುತ್ತಾರೆ, ಎಲ್ಲರೂ ಒಂದೇ ಕಡೆ ಸೇರುತ್ತಾರೆ, ಮಾತು ಬಿಟ್ಟವರೂ ಜಗಳಕ್ಕಾದರೂ ಮಾತಾಡುತ್ತಾರೆ ಎಂದು. ಅಂದೇ ನನಗೆ ಗೊತ್ತಾಗಿತ್ತು, ಈ ಹುಡುಗಿಯ ಕಣ್ಣು ಬೇರೆ ಇದೆ ಎಂದು. ಮದುವೆಯಾಗಿ ತಿಕೋಟಾಕ್ಕೆ ಹೋದಳು. ಗಂಡ ದಸ್ತಗೀರನದು ದ್ರಾಕ್ಷಿ ತೋಟ, ಒಂದು ಶೆಡ್ಡು. ಒಣಗಿದ ಹಣ್ಣು ಆರಿಸುವ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಇವಳು ಒಂದು ಮೂಲೆಯಲ್ಲಿ ಕೂತು ಬರೆಯುತ್ತಿದ್ದಳು. ಮನೆಮಾತು ಉರ್ದು ಇರುವಾಗ ಕವಿತೆ ಕನ್ನಡದಲ್ಲೇಕೆ ಎಂದು ಯಾರಾದರೂ ಕೇಳಿದರೆ, “ಜಗಳಾ ಉರ್ದೂದಾಗ ಬರ್ತಾವ್ರಿ, ಕವಿತಾ ಕನ್ನಡದಾಗ ಬರ್ತಾವ್ರಿ, ನಾ ಏನ್ ಮಾಡ್ಲಿ” ಎಂದು ನಗುತ್ತಿದ್ದಳು.

ಅವಳ ಕವಿತೆಗಳಲ್ಲಿ ಬರುವುದೆಲ್ಲ ಇಂಥವೇ: ಬೋರ್‌ವೆಲ್ ಕೊರೆಯುವ ಲಾರಿ ಊರೊಳಗೆ ಬಂದಾಗ ಮುದುಕರ ಮುಖ, ಬಸ್ಸಿನಲ್ಲಿ ಪಕ್ಕದವಳ ಮಗು ತನ್ನ ಭುಜದ ಮೇಲೆ ಸುರಿಸಿದ ಜೊಲ್ಲು, ಹೊಲಿಗೆ ಯಂತ್ರದೊಳಗೆ ಸಿಕ್ಕಿಕೊಂಡ ಬಣ್ಣದ ದಾರ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಹಲ್ಲು’ ಎಂಬ ಕವಿತೆ. ಹಾಜರಾಬಿಗೆ ಹಲ್ಲಿನ ಸೆಟ್ಟು ಹಾಕಿಸಿದ್ದರು. ಮಲಗುವ ಮುಂಚೆ ಅದನ್ನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಗ್ಲಾಸಿನ ನೀರಿನಲ್ಲಿಡುವುದು ಅವರ ಪದ್ಧತಿ. ಕವಿತೆ ಹೀಗೆ ಶುರುವಾಗುತ್ತದೆ:

ಗ್ಲಾಸಿನ ನೀರೊಳಗೆ ಅತ್ತೆಯ ಹಲ್ಲುಗಳು
ದಿನವಿಡೀ ನನ್ನ ಮೇಲೆ ರೇಗಿ ರೇಗಿ ದಣಿದು
ಈಗ ಯಾರ ಮೇಲೂ ಸಿಟ್ಟಿಲ್ಲದೆ ನಗುತ್ತಿವೆ.

ಇದನ್ನು ಅವಳು ಮೊದಲು ಓದಿ ತೋರಿಸಿದ್ದು ಅತ್ತೆಗೇ. ಹಾಜರಾಬಿಗೆ ಕನ್ನಡ ಓದಲು ಬಾರದು, ಕೇಳಿದರೆ ಎಲ್ಲ ತಿಳಿಯುತ್ತದೆ. ಕೇಳಿ ಅವರು ಎಷ್ಟು ನಕ್ಕರೆಂದರೆ ಸೆಟ್ಟು ಸಡಿಲಾಗಿ ಕೈಗೆ ಬಂತಂತೆ. ಆಮೇಲೆ ಮನೆಗೆ ಯಾವ ನೆಂಟರು ಬಂದರೂ, ಬೀಗರು ಬಂದರೂ, “ನನ್ನ ಹಲ್ಲಿಂದು ಓದಿ ತೋರ್ಸ ಬೇ” ಎಂಬ ಅಪ್ಪಣೆ ತಪ್ಪುತ್ತಿರಲಿಲ್ಲ. ಸೊಸೆ ಓದುವುದು, ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವುದು, ಬಂದವರು ಇಬ್ಬರ ಮುಖವನ್ನೂ ನೋಡಿ ತಾವು ನಗಬಹುದೋ ಬಾರದೋ ಎಂದು ತಿಳಿಯದೆ ಚಹದ ಕಪ್ಪನ್ನು ನೋಡುವುದು. ಕವಿತೆಗೆ ಇದಕ್ಕಿಂತ ದೊಡ್ಡ ಸಭೆ ಬೇಕಿಲ್ಲ ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದುಂಟು.

ಆದರೆ ಪುಸ್ತಕ ಮಾಡಬೇಕೆಂಬ ಆಸೆ ಹುಟ್ಟಿತು, ಪುಸ್ತಕವೆಂದ ಮೇಲೆ ಮುನ್ನುಡಿ ಬೇಕಾಯಿತು. ನಮ್ಮಲ್ಲಿ ಮುನ್ನುಡಿಯಿಲ್ಲದ ಕವನ ಸಂಕಲನವೆಂದರೆ ಹಿರಿಯರಿಲ್ಲದೆ ಮಾತುಕತೆಗೆ ಹೋದ ಹೆಣ್ಣಿನ ಕಡೆಯವರ ಹಾಗೆ. ಯಾರೂ ಕೂಡಿಸಿ ಮಾತಾಡಿಸುವುದಿಲ್ಲ. ಹೆಸರಾದ ಒಬ್ಬ ವಿಮರ್ಶಕರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಅವರ ಹೆಸರು ನಿಮಗೆ ಬೇಡ, ಹೇಳಿದರೆ ನನಗೂ ಒಳ್ಳೆಯದಲ್ಲ. ಹಸ್ತಪ್ರತಿ ಓದಿ ಅವರು ಫೋನಿನಲ್ಲಿ ಹೇಳಿದರಂತೆ: “ಕವಿತೆಗಳು ಲವಲವಿಕೆಯಿಂದಿವೆ ತಾಯಿ. ಆದರೆ ನಿಮ್ಮ ಹೆಸರು ನೋಡಿದ ಓದುಗ ಒಂದು ನೋವನ್ನು ನಿರೀಕ್ಷಿಸುತ್ತಾನಲ್ಲ, ಅದು ಇದರಲ್ಲಿಲ್ಲ. ಪರದೆಯ ಬಗ್ಗೆ ಒಂದಾದರೂ ಇದ್ದರೆ ಸಂಕಲನಕ್ಕೆ ತೂಕ ಬರುತ್ತಿತ್ತು.” ದೊಡ್ಡವರ ಮಾತು ತೆಗೆದುಹಾಕುವುದು ಹೇಗೆ ಎಂದು ಇವಳು ಒಂದೇ ಮಧ್ಯಾಹ್ನದಲ್ಲಿ ‘ಪರದೆ’ ಎಂಬ ಕವಿತೆ ಬರೆದು ಕಳಿಸಿದಳು. ಅವರು ಪರಮಾನಂದಗೊಂಡು, ಮುನ್ನುಡಿಯ ಅರ್ಧಭಾಗವನ್ನು ಅದಕ್ಕೇ ಮೀಸಲಿಟ್ಟು, ಎರಡು ಸಾಲನ್ನು ಎತ್ತಿ ಬರೆದರು:

ಅತ್ತೆ ತೊಡಿಸಿದ ಈ ಕತ್ತಲೊಳಗೆ
ನನ್ನ ಹೆಸರು ನನಗೇ ಕೇಳಿಸದು.

ಇಲ್ಲಿ ನಾನೊಂದು ಮಾತು ಹೇಳಬೇಕು. ಆ ಕತ್ತಲೊಳಗೆ ನಿಜವಾಗಿ ಉಸಿರುಗಟ್ಟಿದವರಿದ್ದಾರೆ, ಅವರು ಬರೆದದ್ದನ್ನು ಓದಿ ನಾನೇ ಊಟ ಬಿಟ್ಟು ಕೂತದ್ದಿದೆ. ಅವರ ಮಾತಿನ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ರಾಬಿಯಾಳ ಬುರ್ಖಾವನ್ನು ಯಾರೂ ತೊಡಿಸಿದ್ದಲ್ಲ. ಹಾಜರಾಬಿ ತಮ್ಮ ಜನ್ಮದಲ್ಲಿ ಬುರ್ಖಾ ಹಾಕಿದವರಲ್ಲ. ಹೊಲಕ್ಕೂ ಅದೇ ಸೀರೆ, ಸಂತೆಗೂ ಅದೇ ಸೀರೆ, ತಲೆಯ ಮೇಲೆ ಸೆರಗು, ಅಷ್ಟೇ. ಇವಳೇ ವಿಜಯಪುರದ ಬಜಾರಿನಲ್ಲಿ ಆರಿಸಿ ತಂದುಕೊಂಡಾಗ “ಈ ಕರೇ ಬಟ್ಟಿಗಿ ಇಷ್ಟ ರೊಕ್ಕ ಕೊಟ್ಟಿ?” ಎಂದು ಅತ್ತೆ ಗೊಣಗಿದ್ದನ್ನು ಇವಳೇ ನನಗೆ ಅಭಿನಯಿಸಿ ತೋರಿಸಿದ್ದಳು. ಬಸ್ಸಿನ ಧೂಳನ್ನೂ ನೋಡುವವರ ಕಣ್ಣನ್ನೂ ತಡೆಯುತ್ತದೆ, ಆದರೆ ಬೇಸಿಗೆಯಲ್ಲಿ ಬೇಯಿಸಿಬಿಡುತ್ತದೆ ಎಂಬುದು ಆ ಬಟ್ಟೆಯ ಬಗ್ಗೆ ಅವಳಿಗಿದ್ದ ಒಟ್ಟು ಅಭಿಪ್ರಾಯ. ಅದನ್ನು ಕವಿತೆ ಮಾಡಿದ್ದರೆ ಚೆನ್ನಾಗಿರುತ್ತಿತ್ತೇನೋ, ಆದರೆ ತೂಕ ಬರುತ್ತಿರಲಿಲ್ಲ.

ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಿಗೆ ಹೋಯಿತು. ಕರಡು ತಿದ್ದಿದವಳು ನಾನು. ಕೊನೆಯ ಕರಡು ನೋಡುವ ದಿನ ರಾಬಿಯಾ ‘ಪರದೆ’ಯ ಪುಟವನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಳು. ರೈಲು ಬಂದು, ನೆಲ ಅದುರಿ, ಹೋದ ಮೇಲೆ ಹೇಳಿದಳು: “ಇದು ಸುಳ್ಳ ಅದರಿ ಅಕ್ಕಾರ. ನಮ್ಮತ್ತಿ ಏನೂ ತೊಡಿಸಿಲ್ಲ ನನಗ. ನಾಳಿ ಇದನ್ನ ಓದಿ ತೋರ್ಸು ಅಂದ್ರ ನಾ ಅವರ ಮುಂದ ಹ್ಯಾಂಗ ಓದ್ಲಿ?” ಅಲ್ಲಿಯೇ ಹರಿದು ಪ್ರೆಸ್ಸಿನ ಕಸದ ಬುಟ್ಟಿಗೆ ಹಾಕಿದಳು. ಪರಿವಿಡಿಯಿಂದಲೂ ತೆಗೆಸಿದಳು. ಮುನ್ನುಡಿಯ ಗತಿ ಏನು ಎಂದು ಹಿರಿಯರಿಗೆ ಫೋನು ಮಾಡಿದರೆ, ಬರೆದದ್ದು ಬರೆದಾಯಿತು, ಅದನ್ನು ಮತ್ತೆ ಮುಟ್ಟಲು ತಮಗೆ ಪುರಸೊತ್ತಿಲ್ಲ, ಆ ಕವಿತೆಯನ್ನು ಮುಂದಿನ ಸಂಕಲನಕ್ಕೆ ಸೇರಿಸಿಕೊಂಡರಾಯಿತು ಎಂದರು. ಹಿರಿಯರ ಮುನ್ನುಡಿಗೆ ಕತ್ತರಿ ಹಾಕುವ ಧೈರ್ಯ ಕನ್ನಡದಲ್ಲಿ ಇನ್ನೂ ಯಾರಿಗೂ ಬಂದಿಲ್ಲ. ಹೀಗೆ ಆ ಪುಸ್ತಕ, ತನ್ನಲ್ಲಿಲ್ಲದ ಕವಿತೆಯೊಂದನ್ನು ಮನಸಾರೆ ಹೊಗಳುವ ಮುನ್ನುಡಿಯೊಂದಿಗೆ ಹೊರಬಂತು.

ಪತ್ರಿಕೆಗಳಿಗೆ ಪ್ರತಿಗಳನ್ನು ಕಳಿಸಿದೆವು. ಭಾನುವಾರದ ಪುರವಣಿಯಲ್ಲಿ ‘ಸಾದರ ಸ್ವೀಕಾರ’ ಎಂದೊಂದು ಮೂಲೆ ಇರುತ್ತದಲ್ಲ, ಪುಸ್ತಕದ ಹೆಸರು, ಕವಿಯ ಹೆಸರು, ಬೆಲೆ, ಇಷ್ಟನ್ನೇ ಹಾಕಿ ಕೈತೊಳೆದುಕೊಳ್ಳುವ ಜಾಗ? ಅಷ್ಟು ಆದರದಿಂದ ಸ್ವೀಕರಿಸಿ ಅಷ್ಟು ನಿಶ್ಶಬ್ದವಾಗಿ ಮಣ್ಣು ಮಾಡುವ ಇನ್ನೊಂದು ಸ್ಥಳವನ್ನು ನಾನು ಕಂಡಿಲ್ಲ. ಮೇಲೆ, ಪುಟದ ಮುಕ್ಕಾಲು ಭಾಗದಲ್ಲಿ, ಆ ವಾರ ಪುಣ್ಯ ಮಾಡಿದ ಒಂದೆರಡು ಪುಸ್ತಕಗಳ ವಿಮರ್ಶೆ ಬರುತ್ತದೆ. ಆ ವಿಮರ್ಶೆಗಳನ್ನು ನಾನು ನಿವೃತ್ತಳಾದ ಮೇಲೆ ತಪ್ಪದೆ ಓದುತ್ತೇನೆ, ಓದಿ ತಪ್ಪದೆ ಸಿಟ್ಟಾಗುತ್ತೇನೆ. ಹಳ್ಳಿಯವನು ಬರೆದರೆ ‘ಮಣ್ಣಿನ ವಾಸನೆ’, ಹೆಂಗಸು ಬರೆದರೆ ‘ಹೆಣ್ಣೊಡಲ ಸಂಕಟ’, ನಮ್ಮ ಕಡೆಯವರು ಬರೆದರೆ ‘ಬಿಸಿಲ ನಾಡಿನ ಬೇಗೆ’. ನಮಗೂ ಇಲ್ಲಿ ಚಳಿಯಾಗುತ್ತದೆ, ನಗು ಬರುತ್ತದೆ, ಬೇಸರಕ್ಕೆ ಬೇರೆ ಬೇರೆ ಕಾರಣಗಳಿರುತ್ತವೆ ಎಂಬುದು ಪುಟ ತುಂಬಿಸುವವರಿಗೆ ಹೊಳೆಯುವುದೇ ಇಲ್ಲ. ಅವರ ಕಷ್ಟವೂ ನನಗೆ ಗೊತ್ತು: ಗುಡ್ಡೆಯಷ್ಟು ಪುಸ್ತಕ, ಅಂಗೈಯಷ್ಟು ಜಾಗ, ಶುಕ್ರವಾರದೊಳಗೆ ಬರೆದು ಕೊಡಬೇಕು. ಗೊತ್ತಿದ್ದರೂ ಕ್ಷಮಿಸಲು ಮನಸ್ಸು ಬರುವುದಿಲ್ಲ. ಏಕೆಂದರೆ ಅವರು ಅವಸರದಲ್ಲಿ ಬರೆದ ಆ ನಾಲ್ಕು ಸಾಲೇ ಮುಂದೆ ಬಹುಮಾನದ ಸಮಿತಿಗೆ ಹೋಗುತ್ತದೆ. ಪುಸ್ತಕದ ಜೊತೆಗೆ ಅದರ ಬಗ್ಗೆ ಬಂದ ವಿಮರ್ಶೆಗಳನ್ನೂ ಲಗತ್ತಿಸಿ ಎಂದು ಸಮಿತಿಯವರು ಕೇಳುತ್ತಾರೆ. ಲಗತ್ತು ದಪ್ಪಗಿದ್ದರೆ ಪುಸ್ತಕ ತೆರೆಯುವ ಶ್ರಮ ಉಳಿಯಿತು. ಬಹುಮಾನ ಬಂದ ಮೇಲೆ ಮತ್ತೆ ವಿಮರ್ಶೆ ಬರುತ್ತದೆ, ಈ ಸಲ ಕವಿಯ ಫೋಟೋದೊಂದಿಗೆ.

ರಾಬಿಯಾಳ ಪುಸ್ತಕವೂ ಮೊದಲು ಸಾದರ ಸ್ವೀಕಾರದಲ್ಲಿಯೇ ಸೇರಿಹೋಗಿತ್ತು. ನಾವು ಮರೆತು ಸುಮ್ಮನಿದ್ದಾಗ, ಒಂದು ಭಾನುವಾರ ದೊಡ್ಡ ಪತ್ರಿಕೆಯೊಂದರಲ್ಲಿ ಅರ್ಧ ಪುಟದ ವಿಮರ್ಶೆ ಬಂತು. ಚಹ ಆರುವುದನ್ನೂ ಮರೆತು ನಾನು ಓದಿದೆ. ‘ಈ ಸಂಕಲನದ ಹೃದಯವೆಂದರೆ ‘ಪರದೆ’ ಎಂಬ ನೀಳ್ಗವಿತೆ’ ಎಂದು ಶುರುವಾಗಿತ್ತು. ಅದರ ಲಯದ ಬಗ್ಗೆ ಒಂದು ಪರಿಚ್ಛೇದ, ಅದರ ಪ್ರತಿಮೆಗಳ ಬಗ್ಗೆ ಒಂದು ಪರಿಚ್ಛೇದ, ಅದನ್ನು ಓದಿ ಮುಗಿಸಿದಾಗ ವಿಮರ್ಶಕರನ್ನು ಆವರಿಸಿದ ಮೌನದ ಬಗ್ಗೆ ಇನ್ನೊಂದು. ಎತ್ತಿಕೊಟ್ಟ ಸಾಲು ಮಾತ್ರ ಮುನ್ನುಡಿಯಲ್ಲಿದ್ದ ಆ ಎರಡೇ. ಹರಿದು ಬುಟ್ಟಿಗೆ ಹಾಕಿದ್ದು ನನ್ನ ಕಣ್ಣೆದುರೇ. ಆದರೂ ಒಂದು ಕ್ಷಣ ನನಗೇ ಅನುಮಾನ ಬಂದು ಪುಸ್ತಕ ತೆಗೆದು ಪುಟ ಪುಟ ತಿರುವಿದೆ. ಇರಲಿಲ್ಲ. ಕೆಲವೇ ವಾರದಲ್ಲಿ ಎರಡನೆಯ ಪತ್ರಿಕೆಯಲ್ಲಿ ಎರಡನೆಯ ವಿಮರ್ಶೆ. ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ನಕಲು ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ: ಇಬ್ಬರ ಉತ್ತರವೂ ಸರಿಯಿದ್ದರೆ ಏನೂ ಹೇಳಲಾಗದು, ಇಬ್ಬರ ತಪ್ಪೂ ಒಂದೇ ಆಗಿದ್ದರೆ ಬೆಂಚು ಒಂದೇ ಎಂದರ್ಥ. ಇವರೂ ‘ನೀಳ್ಗವಿತೆ’ ಎಂದೇ ಬರೆದಿದ್ದರು. ಹರಿದುಹೋದ ಆ ಕವಿತೆ ಒಂದು ಪುಟವನ್ನೂ ದಾಟಿರಲಿಲ್ಲ. ‘ಹಲ್ಲು’ ಕವಿತೆಯ ಬಗ್ಗೆ ಇಬ್ಬರಲ್ಲಿ ಯಾರೂ ಒಂದು ಅಕ್ಷರ ಬರೆದಿರಲಿಲ್ಲ.

ಮೂರನೆಯದಾಗಿ ಬಂದದ್ದು ಬಹುಮಾನ. ಬೆಂಗಳೂರಿನ ಒಂದು ಪ್ರತಿಷ್ಠಾನದವರು ಫೋನು ಮಾಡಿ, ವರ್ಷದ ಉತ್ತಮ ಸಂಕಲನವೆಂದು ಆರಿಸಿದ್ದೇವೆ, ಸಮಾರಂಭವನ್ನು ನಿಮ್ಮ ವಿಜಯಪುರದಲ್ಲಿಯೇ ಮಾಡುತ್ತೇವೆ, ನೀವು ವೇದಿಕೆಯಲ್ಲಿ ‘ಪರದೆ’ಯನ್ನು ವಾಚಿಸಬೇಕು ಎಂದರು. ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ದಸ್ತಗೀರನ ಗೆಳೆಯರು ಫ್ಲೆಕ್ಸ್ ಕಟ್ಟಿದರು; ‘ಪರದೆ ಖ್ಯಾತಿಯ ಕವಯಿತ್ರಿಗೆ ಅಭಿನಂದನೆಗಳು’ ಎಂದು ದೊಡ್ಡಕ್ಷರದಲ್ಲಿ. ಅದನ್ನು ನೋಡಿಕೊಂಡು ರಾಬಿಯಾ ನೇರವಾಗಿ ನಮ್ಮ ಮನೆಗೆ ಬಂದಳು. ನಿಜ ಹೇಳಿಬಿಡು, ಆ ಕವಿತೆ ಪುಸ್ತಕದಲ್ಲಿಲ್ಲ, ಹರಿದು ಹಾಕಿದ್ದಾಗಿದೆ, ಬೇಕಾದರೆ ಇರುವ ಕವಿತೆಗಳಿಗೆ ಬಹುಮಾನ ಕೊಡಿ ಎಂದು ಹೇಳು ಎಂದೆ. ಅವಳು ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ಕೂತಿದ್ದಳು.

“ಹೇಳಬೌದ್ರಿ ಅಕ್ಕಾರ. ಹೇಳಿದ್ರ ಮುನ್ನುಡಿ ಬರದವ್ರ ಮಾನಾ ಹೋಗ್ತದ, ವಿಮರ್ಶಾ ಬರದವ್ರ ಮಾನಾ ಹೋಗ್ತದ, ಆರಿಸಿದವ್ರ ಮಾನಾ ಹೋಗ್ತದ. ನಮ್ಮನಿಯವ್ರ ಗೆಳ್ಯಾರು ಊರಾಗ ಫ್ಲೆಕ್ಸ್ ಹಚ್ಚ್ಯಾರ, ಇವರ ಮಾನಾನೂ ಹೋಗ್ತದ. ನಾ ಒಬ್ಬಾಕಿ ಸುಮ್ನಿದ್ರ ಎಲ್ಲಾರ್ದೂ ಉಳೀತದ ಅಲ್ರಿ?” ಮುಚ್ಚಳವನ್ನು ಒತ್ತಿ ಹಾಕಿ ಮತ್ತೆ ಹೇಳಿದಳು: “ಇಷ್ಟ ವರ್ಷ ಬರ್ದೀನಿ, ಯಾರರೆ ಒಂದ ಕವಿತಾ ಓದು ಅಂತ ಕರದಾರೇನ್ರಿ? ಈಗ ಕರ್ಯಾಕತ್ತಾರ.”

ಹಸಿದು ಕೂತವಳ ಮುಂದೆ ತಾಟು ಬಂದಾಗ ಅದು ಪಕ್ಕದವರಿಗೆ ಬಡಿಸಿದ್ದು ಎಂದು ಹೇಳುವುದು ಸುಲಭ, ಹೊಟ್ಟೆ ನನ್ನದಲ್ಲವಲ್ಲ. ಅತ್ತೆಯ ಮುಂದೆ ಹೇಗೆ ಓದುತ್ತೀ ಎಂದು ಕೇಳಬೇಕೆಂದುಕೊಂಡೆ. ಅವಳ ಮುಖದಲ್ಲಿ ಆ ಪ್ರಶ್ನೆ ಆಗಲೇ ಇತ್ತು, ನಾನು ಚಹಕ್ಕಿಡಲು ಎದ್ದೆ.

ಕವಿತೆ ಅವಳ ಬಳಿ ಉಳಿದಿರಲಿಲ್ಲ, ನೆನಪಿನಲ್ಲಿಯೂ ಇರಲಿಲ್ಲ. ಮತ್ತೆ ಬರೆಯಬೇಕಾಯಿತು. ಯಾವುದನ್ನು ಎದುರಿಗಿಟ್ಟುಕೊಂಡು ಎಂದು ಕೇಳುತ್ತೀರಾ? ವಿಮರ್ಶೆಗಳನ್ನು. ಮುನ್ನುಡಿಯ ಎರಡು ಸಾಲು ಇರಲೇಬೇಕಿತ್ತು, ಅವು ಈಗ ಎಲ್ಲರ ಬಾಯಲ್ಲಿದ್ದವು. ಮೊದಲನೆಯ ವಿಮರ್ಶಕರು ‘ಕಪ್ಪು ನದಿಯ ಪ್ರತಿಮೆ’ ಎಂದಿದ್ದರು, ಆದ್ದರಿಂದ ಒಂದು ಕಪ್ಪು ನದಿ ಹರಿಯಿತು. ಎರಡನೆಯವರು ‘ಕೊನೆಯಲ್ಲಿ ಬರುವ ರೆಕ್ಕೆಯ ಆಶಯ’ ಎಂದಿದ್ದರು, ಆದ್ದರಿಂದ ಕೊನೆಗೆ ಒಂದು ಹಕ್ಕಿ ಹಾರಿತು. ‘ನೀಳ್ಗವಿತೆ’ ಎಂದಿದ್ದರಿಂದ ಉದ್ದವಾಯಿತು. ಕವಿತೆ ಬರೆದ ಮೇಲೆ ವಿಮರ್ಶೆ ಬರುತ್ತದೆಂದು ನಾನು ಮಕ್ಕಳಿಗೆ ಕಲಿಸಿದ್ದೆ. ವಿಮರ್ಶೆ ಬಂದ ಮೇಲೆ ಅದಕ್ಕೆ ತಕ್ಕ ಕವಿತೆ ಹೊಲಿಯುವುದನ್ನು ನನ್ನ ಮೆಚ್ಚಿನ ವಿದ್ಯಾರ್ಥಿನಿಯೇ ನನಗೆ ತೋರಿಸಬೇಕಾಯಿತು. ಅದನ್ನು ಅವಳು ನನಗೆ ಓದಿ ತೋರಿಸಿದಳು. ಚೆನ್ನಾಗಿತ್ತು. ಅದೇ ನನಗೆ ಹೆಚ್ಚು ನೋವಾದದ್ದು, ಅದು ಚೆನ್ನಾಗಿಯೇ ಇತ್ತು.

ಸಮಾರಂಭಕ್ಕೆ ಹಾಜರಾಬಿ ಹೊಸ ಸೀರೆ ಉಟ್ಟುಕೊಂಡು, ಹಲ್ಲಿನ ಸೆಟ್ಟು ಹಾಕಿಕೊಂಡು, ಮುಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದರು. ಸಭೆ ಶುರುವಾಗುವ ಮುಂಚೆ ಚಹ ಕುಡಿಯುತ್ತಿದ್ದ ತೀರ್ಪುಗಾರರೊಬ್ಬರ ಹತ್ತಿರ ಹೋಗಿ, ನನ್ನ ಕೈಯಲ್ಲಿದ್ದ ಪುಸ್ತಕ ಚಾಚಿ, ‘ಪರದೆ’ ಯಾವ ಪುಟದಲ್ಲಿದೆ, ತುಸು ತೆಗೆದುಕೊಡುತ್ತೀರಾ ಎಂದು ಕೇಳಿದೆ. ಅವರು ಪುಸ್ತಕ ಮುಟ್ಟಲಿಲ್ಲ. ಕಣ್ಣು ಅರೆ ಮುಚ್ಚಿ, “ಅದು ಪುಟದಲ್ಲಿ ಉಳಿಯುವ ಕವಿತೆಯಲ್ಲ ಮೇಡಂ, ಎದೆಯಲ್ಲಿ ಉಳಿಯುವಂಥದ್ದು” ಎಂದರು. ನಾನು ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬಂದು ಕೂತೆ.

ಹಾಜರಾಬಿ ನನ್ನ ಕಿವಿಯಲ್ಲಿ, “ಹಲ್ಲಿಂದ ಓದ್ತಾಳ, ನೋಡ್ರಿ. ಮಂದಿ ನಗಬೇಕು” ಎಂದರು. ಸೆರಗಿನ ತುದಿಯನ್ನು ಆಗಲೇ ಬಾಯಿಯ ಹತ್ತಿರ ಹಿಡಿದುಕೊಂಡಿದ್ದರು, ನಗು ಬಂದರೆ ಮುಚ್ಚಿಕೊಳ್ಳಲು. ಶಾಲು ಹೊದಿಸಿದರು, ಹಾರ ಹಾಕಿದರು, ಸನ್ಮಾನಪತ್ರ ಓದಿದರು. ರಾಬಿಯಾ ಮೈಕಿನ ಮುಂದೆ ಬಂದು, ನಮ್ಮ ಸಾಲಿನ ಕಡೆಗೆ ನೋಡದೆ ಓದತೊಡಗಿದಳು. ಅತ್ತೆ ತೊಡಿಸಿದ ಈ ಕತ್ತಲೊಳಗೆ ಎಂಬ ಸಾಲು ಬಂದಾಗ ಹಿಂದಿನಿಂದ ಒಂದು ನಿಟ್ಟುಸಿರು ಕೇಳಿಸಿತು. ಯಾರೋ ‘ವಾಹ್’ ಎಂದರು. ಆ ಸಾಲು ಕವಿತೆಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು, ಅವಳು ಅದನ್ನು ಪಲ್ಲವಿಯ ಹಾಗೆ ಮಾಡಿಕೊಂಡಿದ್ದಳು. ಪ್ರತಿ ಸಲವೂ ಚಪ್ಪಾಳೆ ಬಿತ್ತು. ನಾನು ಪಕ್ಕಕ್ಕೆ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ಬಾಯಿಯ ಹತ್ತಿರವಿದ್ದ ಸೆರಗು ಮೆಲ್ಲಗೆ ಮಡಿಲಿಗೆ ಇಳಿದದ್ದು ಮಾತ್ರ ಕಣ್ಣಂಚಿಗೆ ಕಂಡಿತು.

ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೋಗುವ ಮುಂಚೆ ಅವರ ವ್ಯಾನು ನನ್ನನ್ನು ಮನೆಗೆ ಬಿಡಲು ಜಲನಗರಕ್ಕೆ ಬಂತು. ದಸ್ತಗೀರ ಖುಷಿಯಿಂದ ಮಾತಾಡುತ್ತ ಗಾಡಿ ಓಡಿಸುತ್ತಿದ್ದ. ಹಾರ, ಶಾಲು, ಹಣ್ಣಿನ ಬುಟ್ಟಿಗಳ ನಡುವೆ ನಾವು ಮೂವರು ಹೆಂಗಸರು ಹಿಂದೆ ಕೂತಿದ್ದೆವು. ನಮ್ಮ ಓಣಿಯ ತಿರುವಿನಲ್ಲಿ ಹಾಜರಾಬಿ ಕೇಳಿದರು, ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ನಿಜವಾಗಿಯೂ ನೆನಪಾಗದ್ದನ್ನು ಕೇಳುವ ಹಾಗಿತ್ತು:

“ನಾ ಯಾವಾಗ ತೊಡಿಸಿದೆ ಬೇ?”

ರಾಬಿಯಾ, “ಅದು ಕವಿತಾ ಐತ್ರಿ ಅತ್ತಿ, ಖರೆ ಅಲ್ಲ” ಎಂದಳು.

“ಮತ್ತ ಅಷ್ಟ ಮಂದಿ ಖರೆ ಅಂತ ಚಪ್ಪಾಳಿ ಹೊಡದ್ರಲ್ಲ.”

ದಸ್ತಗೀರ ರೇಡಿಯೋದ ದನಿ ತುಸು ಏರಿಸಿದ. ನಾನು ಇಳಿದೆ.

ಆಮೇಲಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ, ವಿಸ್ತರಿಸಲು ನನಗೆ ಮನಸ್ಸಿಲ್ಲ. ಪುಸ್ತಕದ ಎರಡನೆಯ ಮುದ್ರಣವನ್ನು ದೊಡ್ಡ ಪ್ರಕಾಶಕರೊಬ್ಬರು ತಂದರು. ‘ಪರದೆ’ ಮೊದಲ ಪುಟಕ್ಕೇ ಬಂತು. ಅದು ನೀಳ್ಗವಿತೆಯಾದ್ದರಿಂದ ಉಳಿದವುಗಳಲ್ಲಿ ಕೆಲವು ಪುಟ ಕಡಿಮೆ ಮಾಡಬೇಕಾಯಿತು. ಯಾವ ವಿಮರ್ಶೆಯೂ ಹೆಸರೆತ್ತದ ಕವಿತೆಗಳನ್ನು ಬಿಡೋಣ ಎಂದು ಪ್ರಕಾಶಕರು ಹೇಳಿದರಂತೆ, ಹಾಗಾಗಿ ‘ಹಲ್ಲು’ ಬಿಟ್ಟುಹೋಯಿತು. ಮುನ್ನುಡಿ ಈಗ ನಿಜವಾಯಿತು, ವಿಮರ್ಶೆಗಳು ನಿಜವಾದವು, ತೀರ್ಪುಗಾರರ ಎದೆಯಲ್ಲಿದ್ದದ್ದು ಪುಟಕ್ಕೆ ಬಂತು. ಎಲ್ಲರ ಮಾನವೂ ಉಳಿಯಿತು. ಈಗ ರಾಬಿಯಾ ಬರೆಯುವ ಹೊಸ ಕವಿತೆಗಳಲ್ಲಿ ನದಿಗಳೂ ಕತ್ತಲೆಯೂ ಹೇರಳವಾಗಿವೆ, ಕೊನೆಯಲ್ಲಿ ಹಕ್ಕಿ ಹಾರುವುದನ್ನು ಅವಳು ಮರೆಯುವುದಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇರುವ ಸಿಟ್ಟೆಲ್ಲ ಯಾರ ಮೇಲೆ ಎಂಬುದನ್ನು ಇಷ್ಟು ಹೊತ್ತು ಓದಿದ ನಿಮಗೆ ಮತ್ತೆ ಹೇಳಬೇಕಿಲ್ಲ. ಟ್ಯಾಂಕರ್ ಬರುವ ದಿನವನ್ನು ಹಬ್ಬವೆಂದು ಬರೆದ ಹುಡುಗಿಗೆ, ಎಲ್ಲರ ಹಾಗೆ ದೀಪಾವಳಿ, ರಂಜಾನ್ ಎಂದು ಬರೆದರೆ ಮಾತ್ರ ಅಂಕ ಎಂದು ಯಾರೋ ಕೊನೆಗೂ ಕಲಿಸಿಬಿಟ್ಟರು.

ಈ ವರ್ಷ ಸುಗ್ಗಿ ಮುಗಿದ ಮೇಲೆ ರಾಬಿಯಾ ಡಬ್ಬಿ ತುಂಬಿಸಿಕೊಂಡು ಬಂದಳು. ಮುಚ್ಚಳ ತೆಗೆದೆ. ಹಳದಿ ಹಣ್ಣುಗಳು, ಒಂದರ ಹಾಗೆ ಇನ್ನೊಂದು, ಹೊಳೆಯುತ್ತಿದ್ದವು. ನಾನು ಮುಖವೆತ್ತಿ ನೋಡುವ ಮೊದಲೇ ಅವಳು ಹೇಳಿದಳು: “ಅತ್ತಿಯವ್ರು ಈ ಸಲ ಮಾಳಿಗಿ ಮ್ಯಾಲ ಹರವಲಿಲ್ರಿ ಅಕ್ಕಾರ. ಮೊಣಕಾಲು ನೋವು ಅಂತಾರ. ಶೆಡ್ಡಿನಾಗಿಂದ ತಂದೀನಿ.” ಹೊರಡಲು ಎದ್ದವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ, “ಹಲ್ಲಿನ ಗ್ಲಾಸ್ ಈಗ ಅಡಗಿಮನ್ಯಾಗ ಇಡೂದಿಲ್ರಿ. ತಮ್ಮ ಖೋಲ್ಯಾಗ ಇಟ್ಕೊಂಡು ಬಾಗಲಾ ಹಾಕ್ಕೋತಾರ” ಎಂದಳು. ನಾನು ಹೂಂ ಎಂದೆ.

ಸಂಜೆ ಶಾಂತಕ್ಕನವರು ಬಂದರು. ಚಹ ಕೊಟ್ಟೆ, ಡಬ್ಬಿ ಮುಂದಿಟ್ಟೆ. ಅವರು ಪ್ರತಿ ವರ್ಷದ ಅನುಮಾನದಿಂದ ಮುಚ್ಚಳ ತೆಗೆದು, ಒಳಗೆ ನೋಡಿ, ಮುಖ ಅರಳಿಸಿ, “ಅಯ್ಯ, ಈ ಸಲ ಚಲೋ ಮಾಲ ಕಳಿಸ್ಯಾರ ನೋಡ್ರಿ!” ಎಂದು ಒಂದು ಮುಷ್ಟಿ ತುಂಬ ತೆಗೆದುಕೊಂಡರು. ನಾನು ಡಬ್ಬಿಯನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದೆ.